ನಮ್ಮ ಚಾಳಿನಲ್ಲಿ ನಾನು ಇರಲಿಲ್ಲ

ನನ್ನ ಅಂಜುಬುರುಕಿ, ಜಗಳಗಂಟಿ ಅವ್ವನಿಗೆ,

ಪೊಲೀಸ್ ಭರ್ತಿಗೆ ಅರ್ಜಿ ಹಾಕಿದ್ದೇನೆ ಎಂದು ನಾನು ಹೇಳಿದಾಗ ನೀನು ಜೋಳದ ಹಿಟ್ಟು ನಾದುತ್ತಿದ್ದೆ. ಕೈ ನಿಂತಿತು. "ಖಾಕಿ ಕಂಡ್ರ ನನಗ ಇವತ್ತಿಗೂ ಎದಿ ಡವಡವ ಅಂತೈತಿ. ಇನ್ನ ನಿನಗೂ ಅಂಜಬೇಕೇನು?" ಎಂದೆ. ಅಷ್ಟು ಹೇಳಿ ಮುಖ ತಿರುಗಿಸಿದವಳು, ಮರುದಿನ ಬೆಳಿಗ್ಗೆ ನಾನು ಓಡಲು ಹೊರಟಾಗ ಎರಡು ಬಾಳೆಹಣ್ಣು ಕೈಗಿಟ್ಟೆ. ಗುಂಡು ಎಸೆಯುವ ಪರೀಕ್ಷೆಯೂ ಇದೆ ಎಂದರೆ ಒರಳಿನ ಗುಂಡನ್ನೇ ಎತ್ತಿ ತಂದೆ. ಅದು ನನ್ನ ಕೈಜಾರಿ ಪಕ್ಕದ ಮನೆಯ ಶಾಂತವ್ವನ ಬಕೆಟ್ ಒಡೆದಾಗ, "ಪೊಲೀಸ್ ಆಗಾಕಿ ಆಕಿ, ಒಂದು ಬಕೆಟ್ ಒಡದ್ರ ಏನಾತು?" ಎಂದು ಜಗಳಕ್ಕೆ ನಿಂತವಳೂ ನೀನೇ. ಅಂಜುವವಳ ಮಾತೇ ಅದು?

ನಿನ್ನ ಅಂಜಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಾನು ಎರಡನೇ ಇಯತ್ತೆಯಲ್ಲಿದ್ದಾಗ, ಅಪ್ಪ ಕೆಲಸ ಮಾಡುತ್ತಿದ್ದ ಸೈಟಿನಲ್ಲಿ ಸಿಮೆಂಟು ಕಳುವಾಗಿ, ಪೊಲೀಸರು ಅವನ ಹೆಸರು ಕೇಳಿಕೊಂಡು ಬಂದಿದ್ದರು. ನೀನು ಸತ್ಯವಂತೆ, "ಒಳಗ ಮಲಗ್ಯಾರ್ರಿ" ಎಂದುಬಿಟ್ಟೆ. ಠಾಣೆಯಲ್ಲಿ ಎರಡು ದಿನ ಕೂರಿಸಿಕೊಂಡು, ಏನೂ ಸಿಗದೆ ಬಿಟ್ಟರು. ಅಪ್ಪ ನಿನ್ನನ್ನು ದೂರಲಿಲ್ಲ. ನಿನಗೇ ಸಮಾಧಾನವಿರಲಿಲ್ಲ. ಅಂದಿನಿಂದ ಚಾಳಿಗೆಲ್ಲ ನಿನ್ನದೊಂದೇ ಪಾಠ: ಯಾರು ಬಂದು ಯಾರ ಹೆಸರು ಕೇಳಿದರೂ "ಗೊತ್ತಿಲ್ಲ, ಊರಿಗೆ ಹೋಗ್ಯಾರ" ಎನ್ನಬೇಕು. ಮುಂಬಯಿ ಕಾಂದಿವಲಿಯ ಈ ಸಾಲುಮನೆಗಳ ಚಾಳಿನಲ್ಲಿದ್ದ ನಮ್ಮ ವಿಜಯಪುರದ ಕಡೆಯವರೆಲ್ಲ ಅದನ್ನು ಬಾಯಿಪಾಠ ಮಾಡಿಕೊಂಡರು. "ದುಡದು ತಿನ್ನೋ ಮಂದಿ ನಾವು, ನಮ್ಮ ಹೆಸರು ಅವರಿಗ್ಯಾಕ ಬೇಕು?" ಎನ್ನುತ್ತಿದ್ದೆ.

ಓಟದಲ್ಲಿ ಪಾಸಾದೆನೆಂಬ ಸುದ್ದಿಯನ್ನಾದರೂ ಕೇಳಿ ಹೋದೆ. ಆಯ್ಕೆಯ ಪಟ್ಟಿ ಬರುವ ಹೊತ್ತಿಗೆ ನೀನಿರಲಿಲ್ಲ. ನಾಲ್ಕು ದಿನದ ಜ್ವರ, ಆಮೇಲೆ ಆಸ್ಪತ್ರೆ, ಆಮೇಲೆ... ಬಿಡು, ಅದನ್ನು ಬರೆಯಲಾರೆ. ಅದರ ನಂತರ ನಡೆದದ್ದನ್ನು ಕೇಳು.

ಆಯ್ಕೆಯಾದವರ ಮನೆಗೆ ಬಂದು ಅವರ ನಡತೆ ವಿಚಾರಿಸುವುದು ಪೊಲೀಸರ ಪದ್ಧತಿಯಂತೆ, ಚಾಳಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಯಾವುದೋ ಕಾಗದಕ್ಕೆಂದು ಕಾಲೇಜಿಗೆ ಹೋದ ದಿನವೇ, ಸಾದಾ ಬಟ್ಟೆಯಲ್ಲಿ ಒಬ್ಬ ಚಾಳಿಗೆ ಬಂದ. "ರೇಣುಕಾ ಇಧರ್ ರಹತೀ ಹೈ ಕ್ಯಾ?" ಎಂದು ನನ್ನ ಹೆಸರು ಹಿಡಿದು ಕೇಳಿದ. ಅವನ ಬೂಟು ನೋಡಿಯೇ ಶಾಂತವ್ವನಿಗೆ ಅವನು ಯಾರೆಂದು ತಿಳಿಯಿತು. "ಕೌನ್ ರೇಣುಕಾ? ಗಾಂವ್ ಗಯೀ" ಎಂದು ನಿನ್ನ ಪಾಠವನ್ನೇ ಹಿಂದಿಯಲ್ಲಿ ಹೇಳಿದಳು. ಎದುರು ಮನೆಯವರದೂ ಅದೇ ಉತ್ತರ. ಯಾಕೆ ಕೇಳುತ್ತಿದ್ದೇನೆಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಕೊನೆಗೆ ಅಪ್ಪ! ತನ್ನದೇ ಮನೆಯ ಹೊಸ್ತಿಲಲ್ಲಿ ನಿಂತು, ಈ ಮನೆಯವರು ಊರಿಗೆ ಹೋಗಿ ವರ್ಷವಾಯಿತು ಎಂದನಂತೆ. ಬಂದವನು ಹಾಗೆಯೇ ಬರೆದುಕೊಂಡು ಹೋದ.

ಎರಡು ದಿನದ ಮೇಲೆ ಫೋನು ಬಂತು: ನೀವು ಕೊಟ್ಟ ವಿಳಾಸ ಸುಳ್ಳು, ಆಯ್ಕೆ ರದ್ದಾಗಬಹುದು. ನಾನು ನಿನ್ನ ಫೋಟೊದ ಮುಂದೆ ನಿಂತು ಕಿರುಚಾಡಿದೆ ಅವ್ವ. ಎರಡು ವರ್ಷ ಓಡಿದ್ದೆಲ್ಲ ನಿನ್ನ ಒಂದು ಪಾಠದಿಂದ ಮಣ್ಣುಪಾಲಾಯಿತಲ್ಲ! ಆದರೆ ಸತ್ತವರ ಜೊತೆ ಎಷ್ಟು ಹೊತ್ತು ಜಗಳವಾಡುವುದು? ನೀನು ತಿರುಗಿ ಬೈಯುವುದಿಲ್ಲವಲ್ಲ ಎಂದೇ ಅಳು ಬಂತು.

ಮರುದಿನ ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು "ನಡಿ" ಎಂದ. ಠಾಣೆ ಕಂಡರೆ ರಸ್ತೆ ಬದಲಿಸುತ್ತಿದ್ದ ಮನುಷ್ಯ! ಹಿಂದೆ ಶಾಂತವ್ವ, ಅವಳ ಹಿಂದೆ ಚಾಳಿನ ಅರ್ಧ ಜನ, ಕೂಲಿ ಬಿಟ್ಟು. ಸಾಹೇಬರ ಮುಂದೆ ಅಪ್ಪ ಕೈಮುಗಿದು ನಿಂತ. "ಸಾಹೇಬ್, ಮೈ ಝೂಟ್ ಬೋಲಾ. ಮೇರೀ ಬೇಟೀ ಹೈ." ಯಾಕೆ ಸುಳ್ಳು ಹೇಳಿದೆಯೆಂದು ಕೇಳಿದ್ದಕ್ಕೆ ಆ ಸಿಮೆಂಟಿನ ಕತೆಯನ್ನೂ, ನಿನ್ನ ಪಾಠವನ್ನೂ ಒಪ್ಪಿಸಿಬಿಟ್ಟ. ಮೊನ್ನೆ ಯಾರಿಗೂ ಗೊತ್ತಿಲ್ಲದವಳಿಗೆ ಇವತ್ತು ಇಷ್ಟೊಂದು ಬಳಗವೇ ಎಂದು ಸಾಹೇಬರು ಮರಾಠಿಯಲ್ಲಿ ಚೆನ್ನಾಗಿ ಬೈದರು. ಬೈದ ಮೇಲೆ ಒಬ್ಬೊಬ್ಬರನ್ನೇ ಕರೆದು ಹೇಳಿಕೆ ಬರೆಸಿಕೊಂಡರು. ಶಾಂತವ್ವ ಬಕೆಟ್ ಒಡೆದದ್ದನ್ನೂ ಬರೆಸಲು ಹೋದಳು, ನಾನು ಸೆರಗು ಜಗ್ಗಿದೆ.

ನಿನ್ನ ಮಗಳು ಈಗ ಕಾನ್‌ಸ್ಟೆಬಲ್. ನಮ್ಮ ಕಡೆಯ ಠಾಣೆಗೇ ಹಾಕಿದ್ದಾರೆ. ಮೊದಲ ಸಲ ಖಾಕಿಯಲ್ಲಿ ಚಾಳಿಗೆ ಬಂದಾಗ ಎರಡು ಬಾಗಿಲು ಮುಚ್ಚಿದವು, ಮುಖ ನೋಡಿ ತೆರೆದವು. ನೀನಿದ್ದಿದ್ದರೆ ನಮ್ಮ ಬಾಗಿಲು... ನಿಜ ಹೇಳು, ಮುಚ್ಚುತ್ತಿದ್ದೆಯಾ?

ನಿನಗೆ ಹೇಳಲೇಬೇಕಾದ ಸುದ್ದಿ ಬೇರೆಯೇ ಇದೆ. ಹೋದ ವಾರ ಮಾರ್ಕೆಟ್ಟಿನಲ್ಲಿ ಯಾರೋ ಶಾಂತವ್ವನ ಬೋರಮಾಳ ಸರ ಕಿತ್ತುಕೊಂಡು ಹೋದರು. ನಾನು ಅಂದು ಬಂದೋಬಸ್ತಿಗೆ ಬೇರೆಡೆ ಹೋಗಿದ್ದೆ. ನನಗೊಂದು ಫೋನೂ ಮಾಡದೆ, ಒಬ್ಬಳೇ ಠಾಣೆಗೆ ಹೋಗಿ ಫಿರ್ಯಾದು ಕೊಟ್ಟು ಬಂದಿದ್ದಾಳೆ! ಸರ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇವೆ. "ಅಂಜಿಕಿ ಬರಲಿಲ್ಲೇನು ದೊಡ್ಡವ್ವಾ?" ಎಂದು ಕೇಳಿದೆ.

"ಬರದ ಏನು? ಬಂತು. ಆದ್ರೂ ಹೆಸರು, ಮನಿ ನಂಬರ ಎಲ್ಲಾ ಬರಿಸಿ ಬಂದೀನಿ. ನಾ ಮನ್ಯಾಗ ಇರ್ತೀನ್ರಿ, ಯಾವಾಗ ಬೇಕಾದ್ರೂ ಬರ್ರಿ ಅಂತ ಸಾಹೇಬ್ರಿಗೆ ಹೇಳೀನಿ."