ಬಾಗಿಲ ಮುಂದಿನ ಹಳ್ಳ

ಕೊಟ್ಟೂರು ಆಸ್ಪತ್ರೆ
2003ರ ಬೇಸಿಗೆ

ನನ್ನ ಒಡಲೊಳಗಿನ ಕೂಸೇ,

ನಿನಗಿನ್ನೂ ಹೆಸರಿಲ್ಲ. ಹೆಸರು ಯೋಚಿಸುವಷ್ಟು ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಬಂದಿಲ್ಲ. ತೊಟ್ಟಿಲು ಅಟ್ಟದ ಮೇಲೇ ಇದೆ, ಕುಲಾಯಿ ಹೊಲಿದಿಲ್ಲ. ನೀನು ಗಂಡೋ ಹೆಣ್ಣೋ ಎಂದು ನನ್ನ ನಡಿಗೆ ನೋಡಿ ಹೇಳಲು ಬಂದವರನ್ನು ನಿನ್ನ ಅಜ್ಜಿ ಬಾಯಿ ಮುಚ್ಚಿಸಿ ಕಳಿಸಿದ್ದಾಳೆ. ಹಾಗಾಗಿ ನಿನ್ನನ್ನು ಬರೀ ಕೂಸೇ ಎನ್ನುತ್ತೇನೆ.

ಇಲ್ಲಿ ಕಿಟಕಿ ಪಕ್ಕದ ಮಂಚ ಸಿಕ್ಕಿದೆ. ಹೊಟ್ಟೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ಬಾಯಿಬಿಟ್ಟು ಹೇಳಲಾರದ್ದನ್ನು ಅಂದಂದೇ ಬರೆದಿಡುವ ಚಾಳಿ ನಿನ್ನ ಅಕ್ಕ ಹೋದಾಗಿನಿಂದ ಅಂಟಿಕೊಂಡಿದೆ. ದಿನಾ ನನಗೋಸ್ಕರ ಬರೆಯುತ್ತಿದ್ದೆ, ಇವತ್ತು ನಿನಗೋಸ್ಕರ. ನಿನ್ನೆ ಆದದ್ದು ನಿನ್ನದೇ ಸಂಗತಿ. ಅದನ್ನು ಆದ ಹಾಗೆಯೇ ಬರೆಯುತ್ತೇನೆ.

ನದಿಯ ನೀರನ್ನು ದೂರದ ಊರಿಗೆ ಒಯ್ಯುವ ದೊಡ್ಡ ಪೈಪು ನಮ್ಮ ಓಣಿಯಲ್ಲೇ ಹಾದುಹೋಗುತ್ತದೆ ಎಂದು ಗೊತ್ತಾದಾಗ ಹೆಂಗಸರೆಲ್ಲ ಹಿಗ್ಗಿದ್ದರು. ಪಕ್ಕದ ಮನೆಯ ಹೊನ್ನೂರಮ್ಮ ಸಂತೆಯಿಂದ ಎರಡು ಹೊಸ ಕೊಡ ತಂದಿಟ್ಟುಕೊಂಡಳು. ಆ ನೀರು ನಮಗಲ್ಲ ಎಂದು ತಿಳಿದದ್ದು ಆಮೇಲೆ. "ನಮ್ಮ ಬಾಗಲಾಗ ಎಲಿ ಹಾಸಿ ಮಂದಿಗೆ ಉಣ್ಣಾಕ ಇಡ್ತಾರ ನೋಡ್ರವಾ" ಎಂದು ಅವಳು ಕೊಡ ಬೋರಲು ಹಾಕಿದಳು. ಸುಣ್ಣದ ಪುಡಿಯಿಂದ ಗೆರೆ ಎಳೆದರು. ಗೆರೆ ಎಲ್ಲರ ಮನೆಯ ಕಟ್ಟೆಯ ಮೇಲೆಯೇ ಹಾದಿತ್ತು. ಸಂಜೆ ನಾವು ಕೂತು ಅಕ್ಕಿ ಆರಿಸುತ್ತಿದ್ದ ಕಟ್ಟೆಗಳು ಒಂದೇ ಬೆಳಗಿನಲ್ಲಿ ಹೋದವು. ಇದ್ದ ಒಂದು ನಲ್ಲಿಯ ಕೊಳವೆಯೂ ಕಿತ್ತುಹೋಯಿತು. ಓಣಿ ತುದಿಗೆ ಟ್ಯಾಂಕರ್ ಬಂದರೆ, ಪೈಪಿಗೆಂದು ತೋಡಿದ ತಗ್ಗಿನ ಮೇಲೆ ಹಾಕಿದ ಹಲಗೆ ದಾಟಿ, ಜಗಳವಾಡಿ, ಕೊಡ ತುಂಬಿಕೊಂಡು ಮತ್ತೆ ಹಲಗೆ ದಾಟಿ ಬರಬೇಕು.

ನಮ್ಮ ಓಣಿ ಕೂತಿರುವುದು ಹಾಸುಬಂಡೆಯ ಮೇಲೆ. ಅಗೆಯುವ ಯಂತ್ರದ ಹಲ್ಲು ಮುರಿದವು. ಆಮೇಲೆ ಬಂಡೆಗೆ ತೂತು ಕೊರೆದು ಮದ್ದು ತುಂಬಿ ಹಾರಿಸತೊಡಗಿದರು. ಹಾರಿಸುವ ಮೊದಲು ಸೀಟಿ ಊದುತ್ತಾರೆ, ಕೆಂಪು ಬಾವುಟ ಬೀಸುತ್ತಾರೆ. ಆಗ ಓಣಿಯ ಮಂದಿಯೆಲ್ಲ ಮಕ್ಕಳು ಮರಿ ಕಟ್ಟಿಕೊಂಡು ಶಾಲೆಯ ಕಡೆ ಓಡಬೇಕು. ವಾಪಸು ಬಂದು ನೋಡಿದರೆ ಒಬ್ಬರ ಮನೆಯ ತೊಲೆ ಜರುಗಿರುತ್ತದೆ, ಇನ್ನೊಬ್ಬರ ಗೋಡೆ ಬಿರುಕು ಬಿಟ್ಟಿರುತ್ತದೆ. ನಮ್ಮ ನಡುಮನೆಯ ಗೋಡೆಯಲ್ಲಿ ಬಿಟ್ಟ ಬಿರುಕಿಗೆ ಅಜ್ಜಿ ದಿನಾ ಸಗಣಿ ಮಣ್ಣು ಮೆತ್ತುತ್ತಿದ್ದಳು. ಮರುದಿನ ಅದು ಮೆತ್ತಿದ್ದನ್ನು ಸೀಳಿಕೊಂಡು ಇನ್ನಷ್ಟು ಮೇಲಕ್ಕೆ ಹೋಗಿರುತ್ತಿತ್ತು.

ಸೀಟಿ ಊದುವ ಕೆಲಸ ಸಿಕ್ಕಿದ್ದು ನಿನ್ನ ಅಪ್ಪ ಓಬಳೇಶನಿಗೇ. ಮೊದಲ ದಿನ ಕೊರಳಿಗೆ ಸೀಟಿ ಹಾಕಿಕೊಂಡು ಬಂದಾಗ ಅಜ್ಜಿ ಎರ್ರೆಮ್ಮ, "ಬಂದ ನೋಡು ಕಂಡಕ್ಟರ. ಟಿಕೀಟು ಕೊಡಪಾ, ಎಲ್ಲರೂ ಒಮ್ಮಿಗೇ ಮ್ಯಾಲಕ್ಕ ಹೋಗಾಣು" ಎಂದಳು. ಅವರು ನಕ್ಕರು. ನನಗೆ ನಗು ಬರಲಿಲ್ಲ. "ಹೆಸರಿಗೆ ತಕ್ಕಂಗ ಅಂಜಿನಕ್ಕ ನೋಡು ನಮ್ಮ ಸೊಸಿ, ನಗಾಕೂ ಅಂಜತಾಳ" ಎಂದು ಅತ್ತೆ ಹಂಗಿಸಿದಳು. ಹೌದು, ಅಂಜುತ್ತಿದ್ದೆ.

ಯಾಕೆಂದು ಹೇಳಲು ನಿನ್ನ ಅಕ್ಕನ ಮಾತು ಬರಲೇಬೇಕು. ಅವಳು ತಿಂಗಳು ತುಂಬುವ ಹೊತ್ತಿಗೆ ಒಳಗೇ ಸುಮ್ಮನಾದಳು. ಹೆರಿಗೆ ಹತ್ತಿರ ಬಂದರೆ ಕೂಸು ಹಂಗೇ ಸುಮ್ಮನಾಗುತ್ತದೆ ಎಂದು ಎಲ್ಲರೂ ಅಂದರು. ಅವಳು ಹೊರಗೆ ಬಂದಾಗ ಕೂದಲು ದಟ್ಟವಾಗಿತ್ತು, ಉಗುರು ಬೆಳೆದಿದ್ದವು, ಉಸಿರು ಮಾತ್ರ ಇರಲಿಲ್ಲ. ನಿನ್ನ ಅಪ್ಪ ಹುಣಸೆಮರದ ಬುಡದಲ್ಲಿ ತಾವೇ ಹಾರೆ ಹಿಡಿದು ಕುಣಿ ತೋಡಿದರು. ನಮ್ಮ ಕಡೆ ಸಸಿ ನೆಡಲು ತೋಡಿದರೂ ಕುಣಿ, ಹೂಳಲು ತೋಡಿದರೂ ಕುಣಿ. ಅವತ್ತಿನಿಂದ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. ಈಗ ಓಣಿಯ ಮಂದಿಯೆಲ್ಲ ಬಾಗಿಲ ಮುಂದಿನ ಆ ಉದ್ದನೆಯ ತಗ್ಗನ್ನು ಕುಣಿ ಎಂದೇ ಕರೆಯತೊಡಗಿದರು. ಬಸುರಿ ಹೆಂಗಸು ಕುಣಿ ದಾಟಬಾರದು ಎನ್ನುವುದು ಅಜ್ಜಿಯ ಕಟ್ಟಳೆ. ನಮ್ಮ ಮನೆಗೆ ಇರುವುದು ಅದೊಂದೇ ಬಾಗಿಲು, ಹಿಂದೆ ಬರೀ ಬಂಡೆ. ಅಗೆತ ಬಾಗಿಲಿಗೆ ಬಂದ ದಿನದಿಂದ ನಾನು ಹೊಸ್ತಿಲು ದಾಟಲಿಲ್ಲ. ಆಸ್ಪತ್ರೆಗೆ ತೋರಿಸಲಿಕ್ಕೂ ಹೋಗಲಿಲ್ಲ.

ಅಂದರೆ, ಎಲ್ಲರೂ ಶಾಲೆಯ ಕಡೆ ಓಡಿದಾಗ ನಾನೂ ಅಜ್ಜಿಯೂ ಒಳಗೇ ಇರುತ್ತಿದ್ದೆವು. ಅಜ್ಜಿ ನನ್ನನ್ನು ಕಾಳಿನ ವಾಡೆಯ ಸಂದಿಯಲ್ಲಿ ಕೂರಿಸಿ ಮೇಲೆ ಕೌದಿ ಹೊದಿಸುತ್ತಿದ್ದಳು. ಹೊರಗೆ ಪಕ್ಕೀರಪ್ಪ ಮೇಸ್ತ್ರಿ ಕೂಗುವುದು ಕೇಳಿಸುತ್ತಿತ್ತು: "ಓಣಿ ಖಾಲಿ ಐತೇನಲೇ ಓಬಳೇಶ?" ನಮ್ಮದೇ ಬಾಗಿಲ ಮುಂದೆ ನಿಂತ ನಿನ್ನ ಅಪ್ಪ ಉತ್ತರ ಕೊಡುತ್ತಿದ್ದರು: "ಖಾಲಿ ಐತ್ರಿ." ಅವರ ದನಿ ಆ ಎರಡು ಮಾತಿನೊಳಗೇ ಒಡೆಯುತ್ತಿತ್ತು. ತಮ್ಮ ಅವ್ವನ ಕಟ್ಟಳೆ ಮುರಿಯುವ ಧೈರ್ಯವಿಲ್ಲ, ನಿನ್ನ ಅಕ್ಕನ ಮೇಲೆ ಮಣ್ಣೆಳೆದ ಕೈ ಅದು. ಒಳಗೆ ಹೆಂಡತಿ ಅದಾಳ ಎಂದರೆ ಕೆಲಸ ಹೋಗುತ್ತದೆ, ಬೇರೆಯವರು ಬಂದು ಊದುತ್ತಾರೆ. ನಿನ್ನ ಅಪ್ಪನಾದರೆ ಉದ್ದಕ್ಕೆ ಊದುತ್ತಾರೆ, ನನಗೆ ಸಾವರಿಸಿಕೊಳ್ಳಲು ಹೊತ್ತು ಸಿಗುತ್ತದೆ. ಇದನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ. ಸೀಟಿ ಕೇಳಿಯೇ ನನಗೆ ಗೊತ್ತಾಗಿತ್ತು.

ಸೀಟಿ ಮುಗಿದ ಮೇಲೆ ಒಂದು ಸದ್ದಿಲ್ಲದ ಗಳಿಗೆ ಬರುತ್ತದೆ. ನನಗೆ ಹೆಚ್ಚು ಹೆದರಿಕೆಯಾಗುತ್ತಿದ್ದುದು ಆ ಗಳಿಗೆಗೇ. ಅಜ್ಜಿ ತನ್ನ ಎರಡೂ ಕೈಯಿಂದ ನನ್ನ ಹೊಟ್ಟೆ ಮುಚ್ಚುತ್ತಿದ್ದಳು. ನಿನ್ನ ಕಿವಿ ಯಾವ ಕಡೆ ಇದೆಯೋ ತಿಳಿಯದೆ ಕೈ ಅಲ್ಲಿಂದಿಲ್ಲಿಗೆ ಸರಿಸುತ್ತಿದ್ದಳು. ಆಮೇಲೆ ನೆಲವೇ ಎದ್ದು ಕೂತಂತಾಗುತ್ತಿತ್ತು. ಜಂತಿಯಿಂದ ಮಣ್ಣು ಉದುರುತ್ತಿತ್ತು. ಗಡಿಗೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ನೀನು ಬಲು ಜಾಣ ಕೂಸು. ಕೆಲವೇ ದಿನಕ್ಕೆ ನಿನಗೆ ಸೀಟಿಯ ಅರ್ಥ ಗೊತ್ತಾಗಿಹೋಯಿತು. ಸೀಟಿ ಕೇಳಿದ ಕೂಡಲೇ, ಮದ್ದು ಹಾರುವ ಮೊದಲೇ, ನೀನು ಬಲಗಡೆ ಪಕ್ಕೆಗೆ ಜಾಡಿಸಿ ಒದೆಯುತ್ತಿದ್ದೆ. "ಹೂಂ, ಎದ್ದೈತಿ ನೋಡು ಮನಿ ಯಜಮಾನ" ಎನ್ನುತ್ತಿದ್ದಳು ಅಜ್ಜಿ. ಆಮೇಲಾಮೇಲೆ ನಾನು ಆ ಒದೆಗಾಗಿಯೇ ಸೀಟಿ ಕಾಯುತ್ತಿದ್ದೆ. ಒದೆ ಬಿತ್ತೆಂದರೆ ಮುಂದೆ ಬಂಡೆ ಹಾರಲಿ, ಸೂರು ಹಾರಲಿ, ನೀನು ಇದ್ದೀಯಲ್ಲ ಎನ್ನುವ ಸಮಾಧಾನ.

ನಿನ್ನೆ ಬೆಳಗ್ಗೆ ಸೀಟಿ ಊದಿದರು. ನೀನು ಒದೆಯಲಿಲ್ಲ.

ಮದ್ದು ಹಾರಿತು. ಎಂದಿಗಿಂತ ದೊಡ್ಡದು. ಬಿರುಕು ಜಂತಿಗೆ ಮುಟ್ಟಿತು, ಒಂದು ಕಲ್ಲು ಮಾಳಿಗೆಯ ಮೇಲೆ ಬಿದ್ದು ಉರುಳಿತು. ನನಗೆ ಅದ್ಯಾವುದೂ ಮುಖ್ಯವಾಗಲಿಲ್ಲ. ಎಡ ಮಗ್ಗುಲಾದೆ. ಬೆಲ್ಲದ ನೀರು ಕುಡಿದೆ. ಹೊಟ್ಟೆ ತಟ್ಟಿ ಕರೆದೆ. ನೀನು ಸುಮ್ಮನೆ ಇದ್ದೆ. ಆ ಸುಮ್ಮನೆ ನನಗೆ ಗುರುತಿನದು. ಅಕ್ಕನೂ ಹೀಗೇ ಇದ್ದಳು, ತೊಳೆದಿಟ್ಟ ಒರಳುಕಲ್ಲಿನ ಹಾಗೆ ಭಾರ. ಕೊನೆಗೆ, "ಅತ್ತೀ, ಕೂಸು ಅಲಗ್ವಲ್ದು" ಎಂದೆ.

ಅಜ್ಜಿ ಕೈ ಇಟ್ಟು ನೋಡಿದಳು. ಎದ್ದು ಬಾಗಿಲಿಗೆ ಹೋದಳು, ತಗ್ಗನ್ನು ನೋಡಿದಳು, ತಿರುಗಿ ನನ್ನನ್ನು ನೋಡಿದಳು. ಅವಳ ಮುಖ ಅಷ್ಟು ಸಣ್ಣದಾಗಿದ್ದನ್ನು ನಾನು ಹಿಂದೆ ಒಮ್ಮೆ ಮಾತ್ರ ನೋಡಿದ್ದೆ. ದಾಟಿಸಿದರೆ ಕುಣಿ, ಕೂರಿಸಿಕೊಂಡರೆ ಇದು. ಆಮೇಲೆ ಒಮ್ಮೆಲೇ ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು: "ಹೊನ್ನೂರೀ! ಕೊಡ ತಗೊಂಡು ಬಾರಲೇ. ಎಲ್ಲರೂ ಬರ್ರೀ. ಇದು ಕುಣಿಯಲ್ಲ, ಹಳ್ಳ! ಹಳ್ಳ ಮಾಡ್ರೀ ಇದನ್ನ!"

ನಮ್ಮ ಕಡೆ ಹಳ್ಳ ಎಂದರೆ ಹರಿಯುವ ನೀರು, ಅದನ್ನು ಬಸುರಿ ದಾಟಬಹುದು. ಅರಿಶಿನ ಕುಂಕುಮ ಬಿಟ್ಟು, ಗಂಗಮ್ಮನನ್ನು ದಾರಿ ಕೇಳಿ ದಾಟಿದರೆ ಯಾವ ದೋಷವೂ ಇಲ್ಲ. ಹೊನ್ನೂರಮ್ಮನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಬೋರಲು ಹಾಕಿದ್ದ ಹೊಸ ಕೊಡ ತಂದಳು, ಅಡುಗೆಗೆಂದು ಹಿಡಿದಿಟ್ಟ ಟ್ಯಾಂಕರ್ ನೀರನ್ನೆಲ್ಲ ಅದಕ್ಕೆ ತುಂಬಿ ಸುರಿದಳು. ಹಿಂದೆಯೇ ಉಳಿದವರು ಬಂದರು. ಒಂದು ಬಿಂದಿಗೆಗೆ ಜುಟ್ಟು ಹಿಡಿದುಕೊಂಡು ಜಗಳವಾಡುತ್ತಿದ್ದ ಹೆಂಗಸರು, ಕೂಸೇ, ನಿನಗಾಗಿ ಕೊಡಗಟ್ಟಲೆ ನೀರು ಚೆಲ್ಲಿದರು. ಅಷ್ಟುದ್ದ ತಗ್ಗಿನಲ್ಲಿ ಅದು ಪಾದ ಮುಳುಗುವಷ್ಟೂ ಆಗಲಿಲ್ಲ. ಆದರೂ ಕಲ್ಲಿನ ಮೇಲೆ ಸ್ವಲ್ಪ ಹರಿಯಿತು.

ಪಕ್ಕೀರಪ್ಪ ಮೇಸ್ತ್ರಿ ಓಡಿಬಂದ. "ಮದ್ದಿನ ತೂತಿಗೆ ನೀರು ಹುಯ್ಯಾಕ ಹತ್ತೀರಲ್ಲ, ತಲಿಗಿಲಿ ಕೆಟ್ಟೈತೇನು ನಿಮಗ?" ಎಂದು ಕೂಗಾಡುತ್ತಿದ್ದವನು ಹೊಸ್ತಿಲಲ್ಲಿ ನಿಂತ ನನ್ನನ್ನು ನೋಡಿ ನಿಧಾನಕ್ಕೆ ನಿನ್ನ ಅಪ್ಪನ ಕಡೆ ತಿರುಗಿದ. "ಖಾಲಿ ಐತಿ ಅಂದಿದ್ದೆಲ್ಲಲೇ?" ನಿನ್ನ ಅಪ್ಪ ಕೊರಳಿನ ಸೀಟಿಯನ್ನು ಅಂಗಿಯೊಳಗೆ ತುರುಕಿದರು. ಮೇಸ್ತ್ರಿ ಬಂದು ಹಲಗೆಯ ಆಚೆ ತುದಿಯನ್ನು ಮೊಣಕಾಲೂರಿ ಗಟ್ಟಿಯಾಗಿ ಹಿಡಿದುಕೊಂಡ.

ಅಜ್ಜಿ ಕುಂಕುಮ ಬಿಟ್ಟಳು. "ನಮ್ಮವ್ವಾ ಗಂಗಮ್ಮಾ, ದಾರಿ ಬಿಡು" ಎಂದಳು. ಹಲಗೆ ಬಾಗುತ್ತಿತ್ತು. ಕೆಳಗೆ ನೋಡಬ್ಯಾಡ ಎಂದರೂ ನೋಡಿದೆ. ಕುಂಕುಮದ ನೀರು ಕೆಂಪಗೆ ಕಲ್ಲಿನ ಸಂದಿಗೆ ಇಳಿಯುತ್ತಿತ್ತು. ನನ್ನ ಕಾಲು ನಿಂತೇಹೋಯಿತು. ನಿನ್ನ ಅಪ್ಪ ನನ್ನ ಮುಂದೆ ಹಿಮ್ಮುಖವಾಗಿ ನಡೆಯುತ್ತ, "ಹಳ್ಳ ಐತಿ. ಬರೇ ಹಳ್ಳ. ನನ್ನ ನೋಡು, ಬಾ" ಎಂದರು.

ಆಟೋದಲ್ಲಿ ನಾವಿಬ್ಬರೇ ಕೊಟ್ಟೂರಿಗೆ ಬಂದೆವು. ಇಲ್ಲಿ ಸಿಸ್ಟರ್ ಹೊಟ್ಟೆಯ ಮೇಲೆ ಒಂದು ಸಣ್ಣ ಕೊಳವೆ ಇಟ್ಟು, ಅದಕ್ಕೆ ಕಿವಿ ಹಚ್ಚಿದರು. ಜಾಗ ಬದಲಿಸಿದರು. ಮತ್ತೆ ಬದಲಿಸಿದರು. "ತಡೀರಿ, ಡಾಕ್ಟರು ಬರ್ಲಿ" ಎಂದು ನನ್ನ ಮುಖ ನೋಡದೆ ಹೇಳಿದರು. ಗೋಡೆ ಕಡೆ ತಿರುಗಿದೆ. ಹುಣಸೆಮರದ ಬುಡದಲ್ಲಿ ಇನ್ನೊಂದಕ್ಕೆ ಜಾಗವಿದೆಯೇ ಎಂಬ ಯೋಚನೆ ಬಂತು. ಅದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ.

ಆಗ ನಿನ್ನ ಅಪ್ಪ ಅಂಗಿಯೊಳಗಿಂದ ಸೀಟಿ ತೆಗೆದು, ಆಸ್ಪತ್ರೆಯ ನಡುವೆ ನಿಂತು, ಉಸಿರು ಮುಗಿಯುವ ತನಕ ಊದಿದರು.

ಬಾಣಂತಿಯರು ಎದ್ದು ಕೂತರು, ಕೂಸುಗಳು ಚೀರಿದವು. "ಏಯ್! ಇದೇನು ಬಸ್ ಸ್ಟ್ಯಾಂಡ್ ಅಂತ ತಿಳ್ಕಂಡೀಯೇನೋ?" ಎಂದು ಸಿಸ್ಟರ್ ರಟ್ಟೆ ಹಿಡಿದು ಎಳೆದರು. ಎಳೆಸಿಕೊಳ್ಳುತ್ತಲೇ ಅವರು ಇನ್ನೊಮ್ಮೆ ಊದಿದರು.

ನೀನು ಒದ್ದೆ. ಬಲಗಡೆ ಪಕ್ಕೆಗೆ, ಬೆಚ್ಚಿಬಿದ್ದು, ಜಾಡಿಸಿ ಒದ್ದೆ. ಸೀರೆಯ ಮೇಲಿನಿಂದಲೇ ಕಾಣುವಷ್ಟು. ನನ್ನ ಬಾಯಿಂದ ಏನು ಬಂತೋ ಗೊತ್ತಿಲ್ಲ, ಸಿಸ್ಟರ್ ಕೈ ಬಿಟ್ಟು ಓಡಿಬಂದು ಕೊಳವೆ ಅಲ್ಲಿಗೇ ಇಟ್ಟರು. ನಿನ್ನ ಅಪ್ಪ ಬಾಗಿಲಲ್ಲಿ ನಿಂತು ಅಳುತ್ತಿದ್ದರು. "ಖಾಲಿ ಇಲ್ರೀ ಸಿಸ್ಟರ್," ಎನ್ನುತ್ತಿದ್ದರು, "ಖಾಲಿ ಇಲ್ರೀ. ಒಳಗ ಅದಾರ್ರೀ."

ಹೆರಿಗೆಯ ತನಕ ನನ್ನನ್ನು ಇಲ್ಲೇ ಇಟ್ಟುಕೊಳ್ಳುತ್ತಾರಂತೆ. ನನ್ನ ಹೆದರಿಕೆ ಹೋಗಿಲ್ಲ. ಬಂಡೆ ಇನ್ನೂ ಬಾಕಿ ಇದೆ, ಅಜ್ಜಿ ಆ ಗೋಡೆಯ ಕೆಳಗೇ ಮಲಗುತ್ತಾಳೆ. ನಿನ್ನೆ ನೀನು ಯಾಕೆ ಸುಮ್ಮನಾದೆಯೋ ಯಾರಿಗೂ ಗೊತ್ತಿಲ್ಲ. ಮತ್ತೆ ಸುಮ್ಮನಾದರೆ? ಬೇರೆ ತಾಯಂದಿರು ಮಕ್ಕಳಿಗೆ ಹೆದರಬೇಡ ಎಂದು ಹರಸುತ್ತಾರೆ. ನನಗೆ ಆ ಹರಕೆ ಬಾಯಿಗೆ ಬರುತ್ತಿಲ್ಲ. ನೀನು ಹೆದರು, ಕೂಸೇ. ಸೀಟಿ ಕೇಳಿದರೆ ಬೆಚ್ಚಿಬೀಳು, ಒದೆ, ಅಳು, ಓಡು. ಹಲ್ಲು ಬಿದ್ದು ಕಿವಿ ಮಂದವಾಗುವ ತನಕ ಹೀಗೇ ಬೆಚ್ಚಿಬೀಳುತ್ತಿರು. ಹೊರಗೆ ಬಂದ ಮೇಲೆ ನಿನ್ನನ್ನು ಎತ್ತಿಕೊಂಡು ಆ ಹಲಗೆ ದಾಟುತ್ತೇನೆ. ಕೆಳಗಿರುವುದು ಏನು ಎಂದು ನೀನು ಕೇಳುವ ದಿನ ಬಂದರೆ, ಹಳ್ಳ ಎಂದೇ ಹೇಳುತ್ತೇನೆ.

ಹೊಟ್ಟೆಯ ಮೇಲಿನ ರಟ್ಟು ಜಿಗಿದು ಕೊನೆಯ ಸಾಲು ಸೊಟ್ಟಗೆ ಹೋಗಿದೆ. ಅದು ನನ್ನ ಕೈಯ ತಪ್ಪಲ್ಲ.

ಎರಡೂ ಕೈ ನಿನ್ನ ಮೇಲಿಟ್ಟುಕೊಂಡು ಕಾಯುತ್ತಿರುವ,
ನಿನ್ನ ಅವ್ವ
ಅಂಜಿನಕ್ಕ