ಉಣುಗು ಹುಡುಕುವವಳ ಮಗುವಿಗೆ

ಸನ್ನಿವೇಲ್
ಆಗಸ್ಟ್ ೧೯೯೯

ಇನ್ನೂ ಮುಖ ನೋಡದ ನನ್ನ ಮುದ್ದು ಕೂಸೇ,

ನಿನಗಿನ್ನೂ ಹೆಸರಿಲ್ಲ. ಹೆಣ್ಣೋ ಗಂಡೋ ಗೊತ್ತಿಲ್ಲ. ಇಲ್ಲಿನ ಡಾಕ್ಟರು ಹೇಳುವುದಕ್ಕೆ ಸಿದ್ಧವಿದ್ದರು, ನಿನ್ನ ಅಮ್ಮನೇ ಬೇಡವೆಂದಳು. ಹಾಗಾಗಿ ಸದ್ಯಕ್ಕೆ ಕೂಸು ಎಂದೇ ಕರೆಯುತ್ತೇನೆ. ನಾನು ಶೈಲಜಾ, ನಿನ್ನ ಅಮ್ಮ ನಿಸರ್ಗಾಳ ಅಮ್ಮ. ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಬಹಳ ವರ್ಷ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಮಗಳ ಬಾಣಂತನಕ್ಕೆಂದು ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದೆ. ನಿನ್ನ ತಾತ ಮೈಸೂರಿನಲ್ಲೇ ಇದ್ದಾರೆ. ಸಾರು ಮಾಡುವುದು ಚೆನ್ನಾಗಿ ಕೈಗೆ ಹತ್ತಿದೆ ಎಂದು ಪ್ರತಿ ಭಾನುವಾರ ಫೋನಿನಲ್ಲಿ ಹೇಳುತ್ತಾರೆ. ನಾನು ನಂಬಿದವಳಂತೆ ಹೂಂಗುಡುತ್ತೇನೆ.

ಈ ಅಪಾರ್ಟ್‌ಮೆಂಟಿನ ಸುತ್ತಮುತ್ತ ನಮ್ಮ ಕಡೆಯ ಮಕ್ಕಳು ಬೇಕಾದಷ್ಟು ಇವೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆ. ನೀನೂ ಹಾಗೇ ಆಗುತ್ತೀಯೇನೋ, ಇರಲಿ. ಈ ಕಾಗದವನ್ನು ನಿನ್ನ ಅಮ್ಮನ ಕೈಯಲ್ಲಿ ಓದಿಸಿಕೋ. ನೀನು ಹೊಟ್ಟೆಯಲ್ಲಿದ್ದಾಗ ನಡೆದದ್ದು ನಿನಗೆ ಗೊತ್ತಿರಲೆಂದು ಬರೆಯುತ್ತಿದ್ದೇನೆ.

ಮೊದಲು ನಿನ್ನ ಅಮ್ಮನ ಕೆಲಸದ ವಿಷಯ. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಅವಳು ಉಣುಗುಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ದನದ ಕಿವಿಗೆ, ನಾಯಿಯ ಕತ್ತಿಗೆ ಕಚ್ಚಿಕೊಂಡು ರಕ್ತ ಹೀರುತ್ತವಲ್ಲ, ಅವೇ. ಈ ದೇಶದಲ್ಲಿ ಅವು ಲೈಮ್ ಎಂಬ ಕಾಯಿಲೆ ಹರಡುತ್ತವೆ. ಮೊದಲು ಚರ್ಮದ ಮೇಲೆ ಕೆಂಪಾದ ಒಂದು ಬಳೆ ಎದ್ದು ದಿನದಿನಕ್ಕೆ ಅಗಲವಾಗುತ್ತದೆ. ಆಗಲೇ ಔಷಧಿ ಕೊಡದಿದ್ದರೆ ಮುಂದೆ ಮಂಡಿ ಊದಬಹುದು, ಮುಖ ಒಂದು ಕಡೆಗೆ ಜೋತುಬೀಳಬಹುದು, ಎದೆಬಡಿತವೇ ತಪ್ಪಬಹುದು. ದೇಶದ ಪೂರ್ವದ ರಾಜ್ಯಗಳಲ್ಲಿ ಈ ಕಾಯಿಲೆ ವಿಪರೀತ, ಕ್ಯಾಲಿಫೋರ್ನಿಯಾದಲ್ಲಿ ಕಡಿಮೆ. ಅದಕ್ಕೊಂದು ಕಾರಣ, ಕೂಸೇ, ಓತಿಕ್ಯಾತ. ಇಲ್ಲಿನ ಬೇಲಿ, ಬಂಡೆಗಳ ಮೇಲೆ ಕೂತು ದಂಡ ಹೊಡೆಯುವ ನೀಲಿ ಹೊಟ್ಟೆಯ ಓತಿಕ್ಯಾತದ ರಕ್ತದಲ್ಲಿ ಏನೋ ಇದೆಯಂತೆ. ಅದನ್ನು ಕುಡಿದ ಮರಿ ಉಣುಗಿನ ಹೊಟ್ಟೆಯೊಳಗೆ ಕಾಯಿಲೆಯ ಬ್ಯಾಕ್ಟೀರಿಯ ಸತ್ತುಹೋಗುತ್ತದೆ. ಇದು ಗೊತ್ತಾಗಿ ಹೆಚ್ಚು ಕಾಲವಾಗಿಲ್ಲ. ಓತಿಕ್ಯಾತಗಳು ಹೆಚ್ಚಿರುವ ಬಿಸಿಲ ಇಳಿಜಾರಿನಲ್ಲೂ ಅವು ಕಡಿಮೆಯಿರುವ ನೆರಳಿನ ಇಳಿಜಾರಿನಲ್ಲೂ ಉಣುಗುಗಳು ಹೇಗೆ ಬೇರೆಯಾಗಿರುತ್ತವೆ ಎಂದು ನೋಡುವುದು ನಿನ್ನ ಅಮ್ಮನ ಕೆಲಸ. ಸ್ಯಾನ್ ರಮೋನ್ ಆಚೆಯ ಬೆಟ್ಟಗಳಲ್ಲಿ ಓಕ್ ಮರಗಳ ಕೆಳಗೆ ಬಿಳಿ ಫ್ಲಾನಲ್ ಬಟ್ಟೆ ಎಳೆದುಕೊಂಡು ನಡೆಯುತ್ತಾಳೆ. ಉಣುಗು ಅದನ್ನು ಯಾವುದೋ ಪ್ರಾಣಿ ಎಂದುಕೊಂಡು ಹತ್ತಿಕೊಳ್ಳುತ್ತದೆ. ಇವಳು ಆರಿಸಿ ಸೀಸೆಗೆ ಹಾಕುತ್ತಾಳೆ.

ಬಸುರಿ ಹೆಂಗಸು ಕಾಡಿಗೆ ಹೋಗಿ ಉಣುಗು ಹುಡುಕುತ್ತಾಳೆ ಎಂದರೆ ಯಾವ ತಾಯಿ ಸುಮ್ಮನಿರುತ್ತಾಳೆ? ಅದರಲ್ಲೂ ನಾನು. ನನಗೊಬ್ಬ ಅಣ್ಣನಿದ್ದ, ವ್ಯಾಸರಾಜ. ಅರಣ್ಯ ಇಲಾಖೆಯಲ್ಲಿ ಕೆಲಸ ಸಿಕ್ಕಿ ಸೊರಬದ ಕಡೆಗೆ ಹೋದ. ಮಂಗಗಳು ಮರದಿಂದ ಸತ್ತು ಬೀಳುತ್ತಿವೆ ಎಂದು ಒಂದು ಕಾಗದದಲ್ಲಿ ಬರೆದಿದ್ದ. ಸ್ವಲ್ಪ ದಿನಕ್ಕೆ ಅವನಿಗೂ ಜ್ವರ ಬಂತು. ಅಪ್ಪ ಹೋಗಿ ಸೇರುವಷ್ಟರಲ್ಲಿ ವಸಡಿನಿಂದ ರಕ್ತ ಬರುತ್ತಿತ್ತಂತೆ. ಅವನಿಗೆ ಇಪ್ಪತ್ತನಾಲ್ಕು ವಯಸ್ಸು, ಮದುವೆ ಗೊತ್ತಾಗಿತ್ತು. ಮಂಗನ ಕಾಯಿಲೆ, ಉಣುಗಿನಿಂದ ಬರುತ್ತದೆ ಎಂದು ನಮಗೆ ತಿಳಿದದ್ದು ಆಮೇಲೆ. ನಾನು ಈ ಕಥೆಯನ್ನು ನಿಸರ್ಗಾಳಿಗೆ ಅವಳು ಚಿಕ್ಕವಳಿದ್ದಾಗಿನಿಂದ ಹೇಳಿಕೊಂಡು ಬಂದಿದ್ದೆ. ಕೇಳಿ ಕೇಳಿ ಅವಳು ಉಣುಗಿನಿಂದ ದೂರ ಓಡುತ್ತಾಳೆ ಎಂದುಕೊಂಡಿದ್ದೆ. ಅವಳು ಅದನ್ನೇ ಹುಡುಕಿಕೊಂಡು ಹೊರಟಳು.

ಬಂದ ವಾರದಿಂದಲೇ ನಾನು ವರಾತ ಹಚ್ಚಿದೆ. ನಿನ್ನ ಅಪ್ಪ ಲೋಹಿತ್ ಒಳ್ಳೆಯ ಹುಡುಗ, ಆದರೆ ನಮ್ಮಿಬ್ಬರ ನಡುವೆ ತಲೆಹಾಕುವುದಿಲ್ಲ. ಕಂಪ್ಯೂಟರಿನಲ್ಲೇ ತರಕಾರಿ ಮಾರುವ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ಊರಿಗೆಲ್ಲ ತರಕಾರಿ ತಲುಪಿಸುವವನು ಮನೆಗೆ ಕೊತ್ತಂಬರಿ ಸೊಪ್ಪು ತರಲು ಮರೆಯುತ್ತಾನೆ. ನಾನು ಮಾತು ಶುರು ಮಾಡಿದರೆ "ಮೀಟಿಂಗ್ ಇದೆ ಅತ್ತೆ" ಎಂದು ಎದ್ದುಬಿಡುತ್ತಿದ್ದ.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಿನ್ನ ಅಮ್ಮನನ್ನು ಕೂರಿಸಿ ಎಣ್ಣೆ ಹಚ್ಚುತ್ತಿದ್ದೆ. ತಲೆಗೆ ತಟ್ಟಿ, ಕತ್ತಿಗೆ ತಿಕ್ಕಿ, ಬೆನ್ನಿಗೆ ಬಂದಾಗ ಎಡ ಭುಜದ ಕೆಳಗೆ ಒಂದು ಕೆಂಪು ಗುರುತು ಕಂಡಿತು. ಅಂಗೈಯಷ್ಟು ಅಗಲ, ನಡುವೆ ತಿಳಿ, ಸುತ್ತ ಕೆಂಪು. ಅವಳಿಗೆ ಎಟುಕುವ ಜಾಗವಲ್ಲ, ಕನ್ನಡಿಯಲ್ಲೂ ಕಾಣುವ ಜಾಗವಲ್ಲ. ಬ್ರಾದ ಪಟ್ಟಿ ಒತ್ತಿರಬೇಕು ಎಂದುಕೊಂಡು ಕೇಳಿದೆ. ಅವಳು ಎದ್ದು ಬಚ್ಚಲಿಗೆ ಹೋಗಿ ಎರಡು ಕನ್ನಡಿ ಹಿಡಿದು ನೋಡಿಕೊಂಡಳು.  ಹೊರಗೆ ಬಂದಾಗ ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು, ನಿನ್ನ ಮೇಲೆ.

ಮರುದಿನ ಡಾಕ್ಟರ ಹತ್ತಿರ ಹೋದೆವು. ಅವರು ಚಿಕ್ಕ ವಯಸ್ಸಿನವರು, ಜೇಡ ಕಚ್ಚಿರಬಹುದು ಎಂದರು. ಲೈಮ್ ಈ ಕಡೆ ಅಷ್ಟಾಗಿ ಬರುವುದಿಲ್ಲವಲ್ಲ ಎಂದರು. ನಿನ್ನ ಅಮ್ಮ ತಾನು ಏನು ಕೆಲಸ ಮಾಡುತ್ತೇನೆ, ಯಾವ ವಾರ ಯಾವ ಬೆಟ್ಟದಲ್ಲಿದ್ದೆ ಎಂದು ಹೇಳಿದಳು. ಅವರು ಕೇಳಿಸಿಕೊಂಡರು, ಹೊರಗೆ ಹೋಗಿ ಹಿರಿಯರೊಬ್ಬರಿಗೆ ಫೋನ್ ಮಾಡಿ ಬಂದರು. ಮಾಮೂಲಾಗಿ ಕೊಡುವ ಮಾತ್ರೆ ಬಸುರಿಯರಿಗೆ ಆಗುವುದಿಲ್ಲವೆಂದು ಬೇರೆ ಮಾತ್ರೆಯನ್ನು ಮೂರು ವಾರಕ್ಕೆ ಬರೆದುಕೊಟ್ಟರು. ಮಗುವಿಗೆ ಏನಾಗುತ್ತದೆ ಎಂದು ನಾನು ಕೇಳಿದೆ. ಇಷ್ಟು ಬೇಗ ಔಷಧಿ ಶುರುವಾದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ ಎಂದರು. ಆ 'ಸಾಮಾನ್ಯವಾಗಿ' ಎಂಬ ಮಾತು ಫ್ರೀವೇ ಉದ್ದಕ್ಕೂ ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಮನೆಗೆ ಬಂದ ಮೇಲೆ ನಾನು ಸಿಡಿದೆ. ಅಣ್ಣನನ್ನು ತಿಂದದ್ದು ಸಾಲದೆ ಮಗಳನ್ನೂ ಮೊಮ್ಮಗುವನ್ನೂ ಇದಕ್ಕೇ ಕೊಡಬೇಕಾ ಎಂದು ಕೇಳಿದೆ. ಕೆಲಸ ಬಿಡು ಎಂದೆ. ನಿನ್ನ ಅಮ್ಮ ಅಳಲಿಲ್ಲ, ರೇಗಲೂ ಇಲ್ಲ. ಮಾತ್ರೆ ನುಂಗಿ ನೀರು ಕುಡಿದು ನನ್ನ ಪಕ್ಕ ಬಂದು ಕೂತಳು.

"ಅಮ್ಮ, ವ್ಯಾಸಮಾಮಂಗೆ ಏನು ಕಚ್ಚಿತ್ತು ಅಂತ ಹೇಳೋರು ಯಾರೂ ಇರ್ಲಿಲ್ಲ. ಅದಕ್ಕೆ ಮಾತ್ರೆ ಇವತ್ತಿಗೂ ಇಲ್ಲ. ಇದಕ್ಕೆ ಇದೆ. ಯಾರೋ ಕಾಡಿಗೆ ಹೋಗಿ ಹುಡುಕಿದ್ದಕ್ಕೇ ಇದೆ."

ನಾನು ಎದ್ದು ಅಡುಗೆಮನೆಗೆ ಹೋದೆ. 

ಅವಳನ್ನು ಇನ್ನು ಕಾಡಿನೊಳಗೆ ಬಿಡುವುದಿಲ್ಲವೆಂದು ಅವಳ ಪ್ರೊಫೆಸರರು ಹೇಳಿದರು. ಅದು ಸರಿಯೇ. ಆದರೆ ಮರಿ ಉಣುಗು ಹೊರಗೆ ಕಾಣುವುದು ವಸಂತದಲ್ಲಿ ಮಾತ್ರ. ಪ್ರತಿ ವಾರ ಅದೇ ಜಾಗಗಳಲ್ಲಿ ಬಟ್ಟೆ ಎಳೆಯಬೇಕು, ನಡುವೆ ನಿಲ್ಲಿಸಿದರೆ ಮೂರು ವರ್ಷದ ಕೆಲಸ ಅರ್ಧಕ್ಕೇ ನಿಂತಂತೆ. ಜೊತೆಗೆ ಕ್ಯಾರನ್ ಎಂಬ ಹುಡುಗಿ ಇದ್ದಳು, ಆದರೆ ಒಬ್ಬರೇ ಬೆಟ್ಟಕ್ಕೆ ಹೋಗುವಂತಿಲ್ಲ. ಉಳಿದವರಿಗೆಲ್ಲ ಅವರವರ ಕೆಲಸ. ಸಂಜೆ ನಿನ್ನ ಅಮ್ಮ ಕ್ಯಾರನ್‌ಳಿಗೆ ಫೋನಿನಲ್ಲಿ, ಹಾಗಾದರೆ ಈ ವರ್ಷ ಮುಚ್ಚಿಬಿಡೋಣ ಎನ್ನುವುದು ಕೇಳಿಸಿತು. ಧ್ವನಿ ಸಮಾಧಾನವಾಗಿಯೇ ಇತ್ತು. ಫೋನಿಟ್ಟ ಮೇಲೆ ಬಹಳ ಹೊತ್ತು ಒಗೆದ ಬಿಳಿ ಬಟ್ಟೆಗಳನ್ನು ಮಡಚುತ್ತ ಕೂತಿದ್ದಳು.

ನನಗೆ ಬೇಕಾಗಿದ್ದದ್ದು ಅದೇ ಅಲ್ಲವೇ? ಅವಳು ಬಿಡುವುದು. ಆದರೂ ಅವಳು ಹಾಗೆ ಮಡಚುತ್ತಿರುವುದನ್ನು ನೋಡಲಾಗಲಿಲ್ಲ. ಬಟ್ಟೆ ಎಳೆಯುವುದಕ್ಕೆ ಡಿಗ್ರಿ ಬೇಕೇನು ಎಂದು ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ನಾನು ಹೋಗುತ್ತೇನೆ ಎಂದೆ. ನಿನ್ನ ಅಪ್ಪ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ. ಆ ತಿಂಗಳಲ್ಲಿ ಅವನು ಅಷ್ಟು ಬೇಗ ತಲೆಯೆತ್ತಿದ್ದು ಅದೇ ಮೊದಲು.

ಹೀಗೆ ನಿನ್ನ ಅಜ್ಜಿ ಅರವತ್ತು ದಾಟಿದ ಮೇಲೆ ಪ್ಯಾಂಟು ಹಾಕಿದಳು, ಕೂಸೇ. ಬಿಳಿ ಪ್ಯಾಂಟು, ಅದರ ತುದಿಯನ್ನು ಸಾಕ್ಸಿನೊಳಗೆ ತುರುಕಿ, ಮೇಲೆ ಲೋಹಿತ್‌ನ ಬಿಳಿ ಶರ್ಟು. ನಿನ್ನ ಅಮ್ಮ ಕಾರು ಓಡಿಸಿಕೊಂಡು ಬಂದು ಬೆಟ್ಟದ ಬುಡದ ಪಾರ್ಕಿಂಗ್ ಲಾಟಿನಲ್ಲೇ ಕೂತು ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದಳು. ನಾನೂ ಕ್ಯಾರನ್ನೂ ಮೇಲೆ ಹತ್ತುತ್ತಿದ್ದೆವು. ಕ್ಯಾರನ್ ನನ್ನನ್ನು ಬರೀ ಶೈಲಜಾ ಎಂದು ಕರೆಯುತ್ತಿದ್ದಳು. ಮಿಸ್ ಎಂದೋ ಅಮ್ಮ ಎಂದೋ ಅಲ್ಲದೆ ಹೆಸರು ಹಿಡಿದು ಯಾರಾದರೂ ಕರೆದು ಎಷ್ಟೋ ಕಾಲವಾಗಿತ್ತು. ಕೇಳುವುದಕ್ಕೆ ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಒಣಗಿದ ಎಲೆಗಳ ಮೇಲೆ ಬಟ್ಟೆ ಎಳೆದು, ತಿರುವಿ ಹಾಕಿ, ಕನ್ನಡಕ ಏರಿಸಿ ನೋಡಬೇಕು. ಮೊದಲ ಸಲ ನನಗೆ ಏನೂ ಕಾಣಲಿಲ್ಲ. ನಾನು ಮಣ್ಣಿನ ಕಣ ಎಂದು ಬಿಟ್ಟದ್ದನ್ನೆಲ್ಲ ಕ್ಯಾರನ್ ಉಣುಗೆಂದು ಆರಿಸಿದಳು. ಉಣುಗೆಂದು ನಾನು ತೋರಿಸಿದ್ದು ಮಣ್ಣಾಗಿತ್ತು. ಕಡೆಗೆ ಬಟ್ಟೆಯ ಅಂಚಿನಲ್ಲಿ ಗಸಗಸೆ ಕಾಳಿನಷ್ಟು ಕಪ್ಪಗೆ ಏನೋ ಇತ್ತು. ನಾನು ಉಸಿರು ಬಿಟ್ಟಾಗ ಅದು ಕಾಲು ಚಾಚಿತು.

ನಾನು ಹಾಗೇ ನಿಂತುಬಿಟ್ಟೆ. ಅಣ್ಣನಿಗೆ ಕಚ್ಚಿದ್ದು ಇದರದೇ ಬಂಧು. ನಲವತ್ತು ವರ್ಷ ನಾನು ಅದನ್ನು ಮನಸ್ಸಿನಲ್ಲಿ ದೊಡ್ಡ ಮೃಗದಂತೆ ಸಾಕಿಕೊಂಡಿದ್ದೆ. ಇಷ್ಟೇ ಇತ್ತು ಅದು.  ಕ್ಯಾರನ್ ನೋಡಿದಳು, ನಾನು ತೆಗೆದುಕೊಳ್ಳಲಾ ಎಂದು ಕೇಳಿದಳು. ಬೇಡ ಎಂದೆ. ಚಿಮುಟ ಹಿಡಿದು ಎತ್ತಿ ಸೀಸೆಗೆ ಹಾಕಿ ಮುಚ್ಚಳ ತಿರುಗಿಸಿದೆ. ಕೆಳಗೆ ಬಂದು ನಿನ್ನ ಅಮ್ಮನ ಕೈಗೆ ಕೊಟ್ಟೆ. ಅವಳು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಮುಖ ನೋಡಿ, ಚೀಟಿಯ ಮೇಲೆ ನನ್ನ ಹೆಸರಿನ ಮೊದಲ ಅಕ್ಷರ ಬರೆದಳು.

ಆಮೇಲೆ ನನಗೆ ರುಚಿ ಹತ್ತಿತು. ಬಿಸಿಲ ಇಳಿಜಾರಿನಲ್ಲಿ ಕ್ಯಾರನ್ ಉದ್ದದ ಕೋಲಿನ ತುದಿಗೆ ದಾರದ ಕುಣಿಕೆ ಕಟ್ಟಿ ಓತಿಕ್ಯಾತ ಹಿಡಿಯುತ್ತಿದ್ದಳು. ಅವುಗಳ ಕಿವಿಯ ಮಡಿಕೆಯಲ್ಲಿ ಮರಿ ಉಣುಗುಗಳು ಸಾಲಾಗಿ ಕಚ್ಚಿಕೊಂಡಿರುತ್ತಿದ್ದವು. ನಾನೂ ಕೋಲು ಹಿಡಿದೆ, ಒಂದೂ ಸಿಗಲಿಲ್ಲ. ಒಂದಂತೂ ನನ್ನ ಎದುರಿಗೇ ಕೂತು ದಂಡ ಹೊಡೆದು ತೋರಿಸಿ ಬಂಡೆಯ ಸಂದಿಗೆ ಹೋಯಿತು. ಚಿಕ್ಕಂದಿನಲ್ಲಿ ನಮ್ಮ ಬೀದಿಯ ಹುಡುಗರು ಓತಿಕ್ಯಾತ ಕಂಡರೆ ಕಲ್ಲು ಹೊಡೆಯುತ್ತಿದ್ದರು. ಇಲ್ಲಿ ಎಣಿಸಿ, ಉಣುಗು ಬಿಡಿಸಿಕೊಂಡು, ಹಿಡಿದ ಬಂಡೆಯ ಮೇಲೇ ಮೆಲ್ಲಗೆ ಬಿಟ್ಟುಬರುತ್ತೇವೆ.

ಮನೆಗೆ ಬಂದರೆ ತಪಾಸಣೆ. ನಿನ್ನ ಅಮ್ಮ ಟಾರ್ಚು ಹಿಡಿದು ನನ್ನ ಕಿವಿಯ ಹಿಂದೆ, ತಲೆಯ ಬೈತಲೆ ಬೈತಲೆಯಲ್ಲಿ, ಮಂಡಿಯ ಹಿಂದಿನ ಮಡಿಕೆಯಲ್ಲಿ ಹುಡುಕುತ್ತಿದ್ದಳು. ಅವಳಿಗೆ ಜಡೆ ಹಾಕುತ್ತ ಹೇನು ನೋಡುತ್ತಿದ್ದವಳು ನಾನು. ಈಗ ಅವಳ ಬೆರಳು ನನ್ನ ನರೆಗೂದಲಿನಲ್ಲಿ ಓಡಾಡುತ್ತಿತ್ತು. ಅವಳ ಹೊಟ್ಟೆ ನನ್ನ ಬೆನ್ನಿಗೆ ತಾಗುತ್ತಿತ್ತು. 

ಮಾತ್ರೆ ಮುಗಿಯುವ ಮೊದಲೇ ಬೆನ್ನಿನ ಬಳೆ ಮಾಸಿತು. ಜ್ವರ ಬರಲಿಲ್ಲ, ಕೀಲು ನೋಯಲಿಲ್ಲ. ಜೂನಿನಲ್ಲಿ ನಿನ್ನನ್ನು ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ನಿನ್ನ ಎದೆ ಪಟಪಟ ಬಡಿಯುತ್ತಿತ್ತು. ಆ ಚಿಕ್ಕ ಡಾಕ್ಟರು ಬಹಳ ಹೊತ್ತು ನೋಡಿ, ಬೆಳವಣಿಗೆ ಚೆನ್ನಾಗಿದೆ ಎಂದರು. ಈ ಸಲ 'ಸಾಮಾನ್ಯವಾಗಿ' ಎನ್ನಲಿಲ್ಲ. ಹುಟ್ಟಿದ ಮೇಲೂ ಒಮ್ಮೆ ನಿನ್ನನ್ನು ಚೆನ್ನಾಗಿ ಪರೀಕ್ಷೆ ಮಾಡುತ್ತಾರಂತೆ, ಹೆದರಬೇಡ. ಏಳನೆಯ ತಿಂಗಳಲ್ಲಿ ಮನೆಯಲ್ಲೇ ಸೀಮಂತ ಮಾಡಿದೆವು. ಕ್ಯಾರನ್ ನನ್ನ ಹಸಿರು ಸೀರೆ ಉಟ್ಟು, ಎರಡೂ ಕೈತುಂಬ ಬಳೆ ಹಾಕಿಸಿಕೊಂಡು, ಅವನ್ನು ಗಲಗಲ ಅನ್ನಿಸುತ್ತಲೇ ಚಿತ್ರಾನ್ನ ತಿಂದಳು.

ಬಿಸಿಲೇರಿ ಬೆಟ್ಟದ ಹುಲ್ಲು ಒಣಗಿದಾಗ ಉಣುಗುಗಳು ಮರೆಯಾದವು. ಯಾವ ವಾರವೂ ತಪ್ಪಲಿಲ್ಲ. ಸೀಸೆಗಳೆಲ್ಲ ಈಗ ಬರ್ಕ್ಲಿಯ ಲ್ಯಾಬಿನಲ್ಲಿವೆ. ಉತ್ತರ ಬರಲು ಚಳಿಗಾಲ ಮುಗಿಯಬೇಕು. ಏನು ಬರುತ್ತದೋ ನಿನ್ನ ಅಮ್ಮನಿಗೂ ಗೊತ್ತಿಲ್ಲ.

ಹೋದ ವಾರ ಅವಳು ಕಾಲು ನೀಡಿ ಸೋಫಾದ ಮೇಲೆ ಕೂತಿದ್ದಳು. ಲೋಹಿತ್‌ನ ಸ್ನೇಹಿತರ ಕಂಪನಿಯೊಂದರಲ್ಲಿ ಕೆಲಸವಿದೆಯಂತೆ, ಆರೋಗ್ಯದ ವಿಷಯವನ್ನು ಇಂಟರ್ನೆಟ್ಟಿಗೆ ಬರೆಯುವುದು, ಕೂತಲ್ಲೇ ಮಾಡುವ ಕೆಲಸ. ಹೆರಿಗೆಯಾದ ಮೇಲೆ ಅದಕ್ಕೇ ಸೇರಿಕೊಳ್ಳುತ್ತೇನೆ ಎಂದಳು.

"ನೀನು ಹೇಳಿದ್ದೇ ಸರಿ ಅಮ್ಮ. ಮಗು ಇಟ್ಕೊಂಡು ಕಾಡು ಅಲೆಯೋದು ಬೇಡ."

ಏಪ್ರಿಲ್‌ನಲ್ಲಿ ಈ ಮಾತು ಕೇಳಿದ್ದರೆ ಇಲ್ಲಿನ ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸುತ್ತಿದ್ದೆ. ಈಗ ನನಗೆ ಸಂತೋಷವಾಗಲಿಲ್ಲ. ಬೀನ್ಸ್ ಬಿಡಿಸುತ್ತಿದ್ದ ಕೈ ನಿಲ್ಲಿಸಿದೆ.

"ಬಿಡಬೇಡ. ಮುಂದಿನ ಏಪ್ರಿಲ್‌ಗೆ ನಾನು ಬರ್ತೀನಿ. ಮಗು ನನ್ನ ಹತ್ರ ಇರುತ್ತೆ, ನೀನು ಹೋಗು."

"ನಿಂಗೆ ಹೆದರಿಕೆ ಆಗಲ್ವಾ?"

"ಆಗುತ್ತೆ. ಬಂದ ಮೇಲೆ ನಿನ್ನ ಬೆನ್ನು ನೋಡ್ತೀನಿ."

 ಅವಳು ಕೈ ಚಾಚಿ ಅರ್ಧ ಬೀನ್ಸ್ ತನ್ನ ಕಡೆಗೆ ಎಳೆದುಕೊಂಡು ಬಿಡಿಸತೊಡಗಿದಳು. ಆ ಕಂಪನಿಗೆ ಮರುದಿನವೇ ಬೇಡವೆಂದು ಫೋನ್ ಮಾಡಿದಳು.

ಆದ್ದರಿಂದ ಮುಂದಿನ ವಸಂತದಲ್ಲಿ ನಾವಿಬ್ಬರೇ ಮನೆಯಲ್ಲಿ, ನೀನೂ ನಾನೂ. ನಿನ್ನ ತಾತನನ್ನೂ ಎಳೆದುಕೊಂಡು ಬರುತ್ತೇನೆ, ಅವರ ಸಾರು ಹೇಗಿದೆ ಎಂದು ನೋಡೇಬಿಡೋಣ. ಅಲ್ಲಿಯವರೆಗೆ ನಿನ್ನದೊಂದೇ ಕೆಲಸ, ತುಂಬಿದ ತಿಂಗಳಿಗೆ ಗಟ್ಟಿಯಾಗಿ ಅಳುತ್ತಾ ಹೊರಗೆ ಬರುವುದು. ನಿನ್ನ ಅಮ್ಮನ ಮೈ ಹಗುರಾಗಲಿ, ನಿನ್ನ ಮೈ ಗಟ್ಟಿಯಾಗಲಿ. ಕೈಕಾಲಿಗೆ ಬಲ ಬಂದ ಮೇಲೆ ಯಾವ ಕಾಡಿಗೆ ಬೇಕಾದರೂ ಹೋಗು, ಕ್ಷೇಮವಾಗಿ ಮನೆಗೆ ಬಾ.

ನೀರು ಕಾಯಿಸಿಕೊಂಡು ಕಾದಿರುವ
ನಿನ್ನ ಅಜ್ಜಿ
ಶೈಲಜಾ