ಗಾಜಿನ ಪೆಟ್ಟಿಗೆಯಲ್ಲಿ ನನ್ನ ಕಾವಲಿ

ಮಾನ್ಯ ಪರಂಪರೆ ವಿಭಾಗದ ಅಧಿಕಾರಿಗಳೇ,

ಇವತ್ತು ಶ್ರಾವಣ ಸೋಮವಾರ, ನನಗೆ ಉಪವಾಸ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ಮೆಲ್ಬರ್ನ್ ಪಕ್ಕದ ಡ್ಯಾಂಡಿನಾಂಗಿನ ಈ ಚಳಿಯಲ್ಲಿ ಬೆರಳು ಮರಗಟ್ಟಿದರೂ ಎರಡೆಳೆ ರಂಗೋಲಿ ಎಳೆದು, ಕಸದ ಬಿನ್ನುಗಳನ್ನು ರಸ್ತೆಯಂಚಿಗೆ ತಳ್ಳಿ, ಪೂಜೆ ಮುಗಿಸಿ, ಯಜಮಾನರಿಗೆ ಡಬ್ಬಿ ಕಟ್ಟಿ ಕಳಿಸಿ ಈಗ ಕೂತಿದ್ದೇನೆ. ಉಪವಾಸದ ದಿನ ಯಾರನ್ನೂ ಬೈಯಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಆದ್ದರಿಂದ ಇದನ್ನು ಬೈಗುಳ ಎಂದು ಓದಬೇಡಿ, ವಿಜ್ಞಾಪನೆ ಎಂದೇ ಓದಿ. ವಿಷಯ ಇಷ್ಟೆ. ಸಿಡ್ನಿಯಲ್ಲಿ ನಿಮ್ಮ ನಗರ ಕೌನ್ಸಿಲ್ ಸಂರಕ್ಷಿಸಿಟ್ಟಿರುವ ಹಳೇ ಬರ್ಗರ್ ಅಂಗಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ದೀಪ ಹಾಕಿ ಕೂರಿಸಿರುವುದು ನನ್ನ ಕಾವಲಿ. ನಮ್ಮವ್ವ ಕೊಟ್ಟ ದೋಸೆ ಕಾವಲಿ. ಅದನ್ನು ವಾಪಸು ಕೊಡಿ.

ಕನ್ನಡದಲ್ಲಿ ಬರೆದರೆ ನಿಮಗೆ ತಿಳಿಯುವುದಿಲ್ಲ ಎಂದು ನನಗೆ ಗೊತ್ತು. ಇಂಗ್ಲಿಷಿನಲ್ಲೂ ಬರೆದು ನೋಡಿದ್ದಾಯಿತಲ್ಲ. ನನ್ನ ಮಗಳು ಅಪೂರ್ವ ನಾನು ಹೇಳಿದ ಮಾತಿನಿಂದ ಉಪ್ಪು ಖಾರ ಎಲ್ಲ ತೆಗೆದು, ಆಸ್ಪತ್ರೆಯ ಗಂಜಿಯ ಹಾಗೆ ಮಾಡಿ ನಿಮಗೆ ಇಮೇಲ್ ಕಳಿಸಿದಳು. “ಅಮ್ಮಾ, ಯು ಕಾಂಟ್ ಸೇ ದಟ್ ಟು ದ ಕೌನ್ಸಿಲ್” ಅಂದಳು. “ಯಾಕೆ ಹೇಳಬಾರದು? ಅವರೇನು ಜಗದ್ಗುರುಗಳಾ?” ಅಂದೆ. ನಿಮ್ಮ ಉತ್ತರವೂ ಬಂತು. ಪರಂಪರೆಯ ಬಗ್ಗೆ ನಾನು ತೋರಿಸಿದ ಆಸಕ್ತಿಗೆ ಧನ್ಯವಾದವಂತೆ. ಅಂಗಡಿಯ ವಸ್ತುಗಳೆಲ್ಲ ಮಾಲೀಕರ ಕುಟುಂಬದಿಂದ ಕ್ರಮಬದ್ಧವಾಗಿ ಬಂದಿವೆಯಂತೆ. ಕಾವಲಿ ನನ್ನದು ಎನ್ನುವುದಕ್ಕೆ ಖರೀದಿಯ ರಸೀದಿ ಇದ್ದರೆ ದಯವಿಟ್ಟು ಪರಿಶೀಲಿಸುತ್ತೀರಂತೆ. ಸ್ವಾಮಿ, ಹೊಸದುರ್ಗದ ಸಂತೆಯಲ್ಲಿ ನಮ್ಮವ್ವ ಆ ಕಾವಲಿ ಕೊಂಡಾಗ ಕುಲುಮೆಯವನು ರಸೀದಿ ಕೊಡಲಿಲ್ಲ. ಅವಳು ನನಗೆ ಕೊಟ್ಟಾಗ ನಾನೂ ಕೇಳಲಿಲ್ಲ. ನಿಮ್ಮ ಮನೆಗಳಲ್ಲಿ ತಾಯಂದಿರು ಹೆಣ್ಣುಮಕ್ಕಳಿಗೆ ಪಾತ್ರೆ ಕೊಡುವಾಗ ರಸೀದಿ ಹರಿದು ಕೊಡುತ್ತಾರೋ ಏನೋ, ನನಗೆ ತಿಳಿಯದು. ನಿಮ್ಮ ಕಚೇರಿಯ ಬಾಗಿಲಲ್ಲೇ, ಇಂಗ್ಲಿಷ್ ಬಾರದವರು ಅವರವರ ಭಾಷೆಯಲ್ಲಿ ಮಾತಾಡಬಹುದು, ದುಭಾಷಿಯನ್ನು ಒದಗಿಸುತ್ತೇವೆ ಎಂದು ಹಾಳೆ ಅಂಟಿಸಿದ್ದೀರಿ. ಒದಗಿಸಿ. ಅಲ್ಲಿಯವರೆಗೆ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ನಾಲ್ಕು ಜನ ಓದಲಿ.

ನಿಮಗೆ ಆ ಅಂಗಡಿ ಗೊತ್ತಿಲ್ಲ. ಸಂರಕ್ಷಿಸಿದವರು ನೀವೇ ಆದ್ದರಿಂದ ಗೊತ್ತಿರುವುದು ಸಾಧ್ಯವೂ ಇಲ್ಲ. ಮದುವೆಯಾಗಿ ನಾನು ಸಿಡ್ನಿಗೆ ಬಂದ ಹೊಸತು. ಸ್ಟೇಷನ್ನಿನ ಎದುರಿಗೇ ಆ ಅಂಗಡಿ. ಉದ್ದನೆಯ ಕಟ್ಟೆ, ಕೆಂಪು ರೆಕ್ಸಿನ್ನಿನ ತಿರುಗುವ ಸ್ಟೂಲುಗಳು, ಗೋಡೆಯ ಮೇಲೆ ಕೈಯಲ್ಲಿ ಬರೆದ ಬೋರ್ಡು. ನಡೆಸುತ್ತಿದ್ದವರು ಗ್ರೀಸ್ ದೇಶದಿಂದ ಬಂದ ಮುದುಕರು, ತನಾಸಿ ಎಂದು. ನಾನು ತನಾಸಿ ಅಜ್ಜ ಅನ್ನುತ್ತಿದ್ದೆ. ಅವರ ಇಂಗ್ಲಿಷು ನನ್ನದರಷ್ಟೇ ಮುರುಕಲು, ಅದಕ್ಕೇ ನಮ್ಮಿಬ್ಬರ ಮಾತು ಚೆನ್ನಾಗಿ ನಡೆಯುತ್ತಿತ್ತು. ಮೊದಲನೇ ಸಲ ಯಜಮಾನರು ರೂಟ್ ಬಿಯರ್ ಹೇಳಿದರು. ಬಿಯರ್ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಸ್ಟೂಲಿನಿಂದ ಇಳಿದೆ. “ಅಯ್ಯೋ ಕೂತ್ಕೊಳ್ಳೇ ಮಾರಾಯ್ತಿ, ಬೇರಿನ ಪಾನಕ ಕಣೆ ಅದು” ಅಂದರು. ಮೂಗಿನ ಹತ್ತಿರ ತಂದು ನೋಡಿದೆ. ಬೇಸಿಗೆಯಲ್ಲಿ ನಮ್ಮವ್ವ ಸೊಗದೆ ಬೇರು ಕುದಿಸಿ, ಬೆಲ್ಲ ಹಾಕಿ, ಮಡಕೆಯಲ್ಲಿ ತಣ್ಣಗೆ ಇಡುತ್ತಿದ್ದಳಲ್ಲ, ಅದರದೇ ದಾಯಾದಿ ವಾಸನೆ. ಬಂದ ಊರಿನಲ್ಲಿ ಯಾವ ಮನುಷ್ಯರ ಗುರುತೂ ಇಲ್ಲದಾಗ ಒಂದು ಲೋಟ ನೀರಿಗೆ ನನ್ನ ಗುರುತಿತ್ತು. ನಿಮಗೆ ಇದು ಅರ್ಥವಾಗಬೇಕೆಂದು ನಾನು ಒತ್ತಾಯ ಮಾಡುವುದಿಲ್ಲ.

ಆದರೆ ಅಲ್ಲಿ ತಿನ್ನುವಂತಿರಲಿಲ್ಲ. ಎಲ್ಲವೂ ಒಂದೇ ಹಂಚಿನ ಮೇಲೆ, ಮಾಂಸದ ಪಕ್ಕದಲ್ಲೇ ಈರುಳ್ಳಿ, ಅದರ ಪಕ್ಕದಲ್ಲಿ ಮೊಟ್ಟೆ. ಹೋದಾಗಲೆಲ್ಲ ನಾನು ಪಾನಕ ಕುಡಿದು ಬರುತ್ತಿದ್ದೆ. ಒಂದು ದಿನ ಅಜ್ಜ ಕೇಳಿದರು, “ನೀನು ಯಾಕೆ ತಿನ್ನೋದಿಲ್ಲ? ನನ್ನ ಅಡುಗೆ ಕೆಟ್ಟದಾ?” ನಾನು ಹಂಚು ತೋರಿಸಿ ಅಡ್ಡಡ್ಡ ತಲೆಯಾಡಿಸಿದೆ. “ಹಾಗಾದರೆ ನಿನ್ನ ಹಂಚು ನೀನೇ ತಾ” ಅಂದರು. ತಮಾಷೆಗೆ ಅಂದದ್ದು. ಅವರ ತಮಾಷೆ ನನಗೆ ತಿಳಿಯಲಿಲ್ಲ. ದೊಡ್ಡವರು ತಾ ಅಂದಿದ್ದಾರೆ ಎಂದು ಮುಂದಿನ ವಾರ ಕಾವಲಿಯನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಹೋಗಿ ಕಟ್ಟೆಯ ಮೇಲೆ ಇಟ್ಟೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಜಮಾನರು ನನ್ನ ಪರಿಚಯವೇ ಇಲ್ಲದವರ ಹಾಗೆ ಗೋಡೆಯ ಬೋರ್ಡು ಓದತೊಡಗಿದರು. ಅಜ್ಜ ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಕೈ ತೊಳೆದು ಬಂದು, ಕಾವಲಿಯನ್ನು ಎರಡೂ ಕೈಯಲ್ಲಿ ಎತ್ತಿ, ತುದಿಯ ಬರ್ನರಿನ ಮೇಲೆ ಇಟ್ಟರು. ಯಾಕೆ ಎಂದು ಕೇಳಿದರು. ನಾನು ದೇವರು ಅಂದೆ, ಉಪವಾಸ ಅಂದೆ, ಮಾಂಸ ಮುಟ್ಟಬಾರದು ಅಂದೆ.

“ನಿನಗೆ ಯಾವ ದಿನ ಉಪವಾಸ?” ಅಂದರು.

“ಸೋಮವಾರ.”

“ನನಗೆ ಬುಧವಾರ, ಶುಕ್ರವಾರ” ಅಂದರು. “ನಿನ್ನ ದೇವರು ಪರವಾಗಿಲ್ಲ, ಒಂದು ದಿನದಲ್ಲೇ ಬಿಡುತ್ತಾನೆ.”

ಅವರ ಧರ್ಮದಲ್ಲೂ ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಏನೂ ಮುಟ್ಟುವಂತಿಲ್ಲ. ಇಡೀ ದಿನ ಬೇರೆಯವರಿಗೆ ಮಾಂಸ ಸುಟ್ಟು ಬಡಿಸಿ, ತಾವು ಮೂಲೆಯಲ್ಲಿ ನಿಂತು ಒಣ ಬ್ರೆಡ್ಡು ತಿನ್ನುತ್ತಿದ್ದರಂತೆ. ಅವತ್ತು ಅವರು ಕಡಲೆಕಾಳು ರುಬ್ಬಿ ವಡೆಯ ಹಾಗೆ ತಟ್ಟಿ, ನನ್ನ ಕಾವಲಿಯ ಮೇಲೆ ಬೇಯಿಸಿ, ಬನ್ನಿನೊಳಗೆ ಬೀಟ್‌ರೂಟು, ಅನಾನಸ್ಸಿನ ಬಿಲ್ಲೆ, ಹುರಿದ ಈರುಳ್ಳಿ ಇಟ್ಟು ಕೊಟ್ಟರು. ಕೈಯೆಲ್ಲ ಕೆಂಪಾಗಿ, ಮೊಣಕೈವರೆಗೂ ರಸ ಇಳಿದು, ಈ ದೇಶದಲ್ಲಿ ಹೊರಗೆ ನಾನು ತಿಂದ ಮೊದಲನೇ ತುತ್ತು ಅದು. ಅಂದಿನಿಂದ ಕಾವಲಿ ಅಲ್ಲೇ ಉಳಿಯಿತು. ಬುಧವಾರ, ಶುಕ್ರವಾರ ಅದು ಅವರದು. ನಾವು ಹೋದ ದಿನ ನನ್ನದು. ಯಜಮಾನರಿಗೆ ಮೆಲ್ಬರ್ನಿಗೆ ವರ್ಗವಾದಾಗ ಕೇಳಿ ತರಲು ಹೋದೆ. ಅಜ್ಜ ಹೊಸ ಬಟ್ಟೆಯಲ್ಲಿ ಸುತ್ತಿ ತಂದು ಕೊಟ್ಟರು, ಆದರೆ ಕೈ ಬಿಡಲಿಲ್ಲ. “ತಗೊಂಡು ಹೋಗು, ಗಂಗಾ. ಆದರೆ ತಗೊಂಡು ಹೋದರೆ ನೀನು ಮತ್ತೆ ಬರೋದಿಲ್ಲ” ಅಂದರು. ಬಿಟ್ಟು ಬಂದೆ. ಕೊಟ್ಟು ಬಂದೆ ಎಂದು ನಾನು ಬರೆಯುತ್ತಿಲ್ಲ, ಬಿಟ್ಟು ಬಂದೆ ಎಂದು ಬರೆಯುತ್ತಿದ್ದೇನೆ. ದುಭಾಷಿಗಳು ದಯವಿಟ್ಟು ಇಲ್ಲಿ ಎಚ್ಚರವಾಗಿರಬೇಕು.

ಅಜ್ಜ ಹೋದ ವರ್ಷ ತೀರಿಕೊಂಡರು. ಅವರ ಮಗಳು ಮರೀನಾ ಫೋನ್ ಮಾಡಿ, ಅಂಗಡಿಯನ್ನು ಕೌನ್ಸಿಲ್ ತೆಗೆದುಕೊಂಡಿದೆ, ಹೇಗಿದೆಯೋ ಹಾಗೇ ಉಳಿಸುತ್ತಾರಂತೆ ಅಂದಳು. ನಾನು ದಡ್ಡಿ, ಹಾಗೇ ಅಂದರೆ ಹಾಗೇ ಅಂದುಕೊಂಡೆ. ಕಳೆದ ತಿಂಗಳು ಸಿಡ್ನಿಗೆ ಬಂದಾಗ ಅಲ್ಲಿನ ಗಿರಾವೀನ್ ಬಡಾವಣೆಯ ಗೆಳತಿ ವೇದಾಳ ಮನೆಯಲ್ಲಿ ತಿಂಡಿಯನ್ನೂ ತಿನ್ನದೆ, ಹೊಟ್ಟೆ ಖಾಲಿ ಇಟ್ಟುಕೊಂಡು, ಅವಳನ್ನೂ ಎಳೆದುಕೊಂಡು ಹೋದೆ.

ಏನು ಚೆಂದ ಮಾಡಿದ್ದೀರಿ! ಬೋರ್ಡಿಗೆ ಹೊಸ ಬಣ್ಣ. ಸ್ಟೂಲುಗಳ ಸುತ್ತ ಕೆಂಪು ಹಗ್ಗ, ಕೂರುವಂತಿಲ್ಲ. ತಟ್ಟೆಯಲ್ಲಿ ಪ್ಲಾಸ್ಟಿಕ್ಕಿನ ಬರ್ಗರು, ಬೀಟ್‌ರೂಟು ಲಿಪ್‌ಸ್ಟಿಕ್ಕಿನ ಹಾಗೆ ಹೊಳೆಯುತ್ತದೆ. ಗ್ಲಾಸಿನಲ್ಲಿ ಹೆಪ್ಪುಗಟ್ಟಿದ ಕಂದು ಅಂಟು, ಅದು ರೂಟ್ ಬಿಯರ್ ಅಂತೆ. ಹಂಚಿನ ಮುಂದೆ ಒಂದು ಗುಂಡಿ. ಒತ್ತಿದರೆ ಈರುಳ್ಳಿ ಹುರಿಯುವ ಸದ್ದು ಬರುತ್ತದೆ. ನಾನು ಒತ್ತಿದೆ. ಚುಂಯ್ ಅಂತು. ಖಾಲಿ ಹೊಟ್ಟೆಯಲ್ಲಿ ನಿಂತು ಆ ಸದ್ದು ಕೇಳುವ ಸುಖವನ್ನು ನಿಮ್ಮ ವಿಭಾಗದ ಎಲ್ಲರೂ ಒಮ್ಮೆ ಅನುಭವಿಸಬೇಕು ಎಂದು ನನ್ನ ಆಸೆ. ಗೋಡೆಯ ಮೇಲೆ ಪ್ರಶಸ್ತಿಯ ಫಲಕವೂ ಇತ್ತು. ತಿನ್ನುವ ಅಂಗಡಿಯಲ್ಲಿ ತಿನ್ನಲು ಏನೂ ಸಿಗದ ಹಾಗೆ ಮಾಡಿದ್ದಕ್ಕೆ ಯಾರೋ ಪುಣ್ಯಾತ್ಮರು ನಿಮಗೆ ಪ್ರಶಸ್ತಿ ಕೊಟ್ಟಿದ್ದಾರೆ.

ಆಗ ಗಾಜಿನ ಪೆಟ್ಟಿಗೆ ನೋಡಿದೆ. ಒಳಗೆ ನನ್ನ ಕಾವಲಿ, ಕೆಳಗೆ ಚೀಟಿ: ಗ್ರೀಕ್ ಕುಟುಂಬದ ಸಾಂಪ್ರದಾಯಿಕ ಹಂಚು, ಸುಮಾರು ೧೯೫೦, ಮೆಡಿಟರೇನಿಯನ್ ಕಮ್ಮಾರಿಕೆ. ಹೊಸದುರ್ಗದ ಕುಲುಮೆಯವನ ಏಳೇಳು ತಲೆಮಾರು ಸಮುದ್ರ ನೋಡಿಲ್ಲ! ಅದರ ಹಿಡಿ ಒಮ್ಮೆ ಮುರಿದು, ನಮ್ಮವ್ವ ಎರಡು ರಿವೆಟ್ ಹೊಡೆಸಿದ್ದಳು, ಒಂದು ನೆಟ್ಟಗೆ, ಒಂದು ಸೊಟ್ಟಗೆ. ಆ ಸೊಟ್ಟ ರಿವೆಟ್ಟಿನ ಮೇಲೂ ಒಂದು ಪುಟ್ಟ ದೀಪ ಬಿಟ್ಟಿದ್ದೀರಿ. ಅದೆಲ್ಲ ಹೋಗಲಿ. ಕಾವಲಿ ಹೊಳೆಯುತ್ತಿತ್ತು. ವಾರ್ನಿಷ್ ಹೊಡೆದಿದ್ದೀರಿ. ನಮ್ಮವ್ವ ಎಣ್ಣೆ ಸವರಿ ಸವರಿ, ಆಮೇಲೆ ನಾನು ಸವರಿ, ಆಮೇಲೆ ಅಜ್ಜ ಸವರಿ ಪಳಗಿಸಿದ ಕಾವಲಿಯನ್ನು ತಿಕ್ಕಿ, ಉಜ್ಜಿ, ಬಾಗಿಲಿಗೆ ಹೊಡೆಯುವ ವಾರ್ನಿಷ್ ಹೊಡೆದಿದ್ದೀರಿ.

“ಇದು ನಂದು” ಅಂದೆ. ಕೊರಳಲ್ಲಿ ಗುರುತಿನ ಪಟ್ಟಿ ನೇತುಹಾಕಿಕೊಂಡಿದ್ದ ಹೆಂಗಸು ಬಂದು, ಬಹಳ ಪ್ರೀತಿಯಿಂದ, “ಇದು ನಮ್ಮೆಲ್ಲರದೂ” ಅಂದಳು.

“ನಿಮ್ಮೆಲ್ಲರದೂ ಆಗಿದ್ದರೆ ಒಂದು ದೋಸೆ ಹುಯ್ದು ತೋರಿಸಮ್ಮ” ಅಂದೆ.

ವೇದಾ ನನ್ನ ತೋಳು ಜಗ್ಗಿದಳು. “ಗಂಗಾ, ಮೆಲ್ಲಗೆ ಮಾತಾಡೇ. ಸೆಕ್ಯುರಿಟಿ ಕರೀತಾರೆ.”

“ಕರೀಲಿ. ಕದ್ದೋರು ಯಾರು ಅಂತ ಅವರೇ ಹೇಳಲಿ.”

ಸೆಕ್ಯುರಿಟಿ ಬರಲಿಲ್ಲ. ಗಾಜಿನ ಮೇಲೆ ಬಿದ್ದಿದ್ದ ನನ್ನ ಕೈಗುರುತನ್ನು ಒರೆಸಲು ಬಟ್ಟೆ ಬಂತು. ಅವತ್ತು ಸಂಜೆ ಮರೀನಾಗೆ ಫೋನ್ ಮಾಡಿದೆ. ಅವಳು ಅತ್ತೇಬಿಟ್ಟಳು. “ಅದು ಇಂಡಿಯನ್ ಲೇಡಿಯದು, ಅಪ್ಪ ಅದನ್ನು ಯಾರಿಗೂ ಮುಟ್ಟಿಸುತ್ತಿರಲಿಲ್ಲ ಅಂತ ನಾನು ಅವರಿಗೆ ಹೇಳಿದೆ. ಕತೆ ಚೆನ್ನಾಗಿದೆ ಅಂದು ನಕ್ಕು, ಎಲ್ಲದರ ಜೊತೆ ಅದನ್ನೂ ಲಾರಿಗೆ ಹಾಕಿದರು” ಅಂದಳು. ಅಂದರೆ ಮಾನ್ಯರೇ, ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಮೆಡಿಟರೇನಿಯನ್ ಎಂದು ಬರೆದಿರಿ. ಗ್ರೀಕ್ ಅಂಗಡಿಯಲ್ಲಿ ಗ್ರೀಕ್ ಹಂಚು ಇರುವುದು ನಿಮ್ಮ ಚೀಟಿಗೆ ಅನುಕೂಲ. ಒಬ್ಬರು ಮುದುಕರು ತಮ್ಮ ವ್ರತಕ್ಕೆ ಬೇರೆ ದೇವರ ಹೆಂಗಸಿನ ಕಾವಲಿ ಬಳಸಿದರು ಎಂದರೆ ಅದು ಯಾವ ಕಪಾಟಿನಲ್ಲಿ ಕೂರುತ್ತದೆ, ಅಲ್ಲವೇ? ನಿಮಗೆ ಸ್ಟೂಲು ಕಂಡಿತು, ಬೋರ್ಡು ಕಂಡಿತು, ಈರುಳ್ಳಿಯ ಸದ್ದು ಕೂಡ ಕೇಳಿಸಿತು. ಆ ಅಂಗಡಿಯಲ್ಲಿ ಉಳಿಸುವಂಥದ್ದು ಇದ್ದದ್ದೇ ಆ ಕಾವಲಿಯೊಂದು. ಅದಕ್ಕೇ ವಾರ್ನಿಷ್ ಹೊಡೆದಿರಿ.

ನಾವೂ ದೇವರನ್ನು ಗರ್ಭಗುಡಿಯಲ್ಲಿ ಇಟ್ಟು ಹೊರಗೆ ನಿಂತು ಕೈಮುಗಿಯುವ ಜನ. ಮುಟ್ಟಬೇಡಿ ಅಂದರೆ ನನಗೆ ಅರ್ಥವಾಗುತ್ತದೆ. ಆದರೆ ಕಲ್ಲಿನ ದೇವರಿಗೂ ನಾವು ದಿನಾ ಬಿಸಿಬಿಸಿ ನೈವೇದ್ಯ ಇಡುತ್ತೇವೆ. ನಿಮ್ಮ ಅಂಗಡಿಗೆ ಆ ಭಾಗ್ಯವೂ ಇಲ್ಲ. ದೇವರಿಗೆ ಪ್ಲಾಸ್ಟಿಕ್ ಕಡುಬು ತೋರಿಸಿ, ಗುಂಡಿ ಒತ್ತಿ ಗಂಟೆ ಬಾರಿಸುವ ಪೂಜಾರಿ ನಮ್ಮೂರಿನಲ್ಲಿದ್ದರೆ ಅವನಿಗೆ ಯಾರೂ ಪ್ರಶಸ್ತಿ ಕೊಡುತ್ತಿರಲಿಲ್ಲ. ಊರು ಬಿಡಿಸುತ್ತಿದ್ದರು.

ಅಂಗಡಿ ನಿಮಗಿರಲಿ. ಸ್ಟೂಲು, ಹಗ್ಗ, ಗುಂಡಿ, ಫಲಕ ಎಲ್ಲ ನಿಮಗಿರಲಿ. ಚೀಟಿಯನ್ನೂ ಇಟ್ಟುಕೊಳ್ಳಿ, ಅದರ ಮುಂದೆ ಒಂದು ಪ್ಲಾಸ್ಟಿಕ್ ಕಾವಲಿ ಮಾಡಿಸಿ ಇಡಿ, ಬರ್ಗರಿಗೆ ಜೊತೆಯಾಗುತ್ತದೆ. ನನ್ನದು ನನಗೆ ಬರಲಿ. ನಮ್ಮವ್ವ ಈಗ ಇಲ್ಲ, ತನಾಸಿ ಅಜ್ಜನೂ ಇಲ್ಲ. ಅವರಿಬ್ಬರ ಕೈಯೂ ಓಡಾಡಿದ ಜಾಗ ಈ ಭೂಮಿಯ ಮೇಲೆ ಅದೊಂದೇ ಇರುವುದು.

ಇದನ್ನು ಓದುತ್ತಿರುವ ಕನ್ನಡದವರಲ್ಲೂ ಒಂದು ಕೋರಿಕೆ. ನನಗೆ ಇನ್ನು ಇಮೇಲಿನ ಉತ್ತರ ಬೇಡ. ಸಿಡ್ನಿಯಿಂದ ಮೆಲ್ಬರ್ನಿಗೆ ಕಾರಿನಲ್ಲಿ ಬರುವವರು ಯಾರಾದರೂ ಆ ಕಚೇರಿಗೆ ಹೋಗಿ, ಶಿವಗಂಗಮ್ಮನ ಉತ್ತರ ಕೊಡಿ ಎಂದು ಕೇಳಿ. ಸ್ವಲ್ಪ ಭಾರವಿರುತ್ತದೆ, ಹಳೇ ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಡಿ. ತಂದವರಿಗೆ ನಮ್ಮ ಮನೆಯಲ್ಲಿ ದೋಸೆ ಇದೆ. ಅಧಿಕಾರಿಗಳು ಖುದ್ದು ತರುವುದಾದರೆ ಅವರಿಗೂ ಇದೆ. ವಾರ್ನಿಷ್ ಸುಟ್ಟು ತೆಗೆದ ಮೇಲೂ ಮೊದಲ ದೋಸೆಗಳು ಏಳುವುದಿಲ್ಲ, ಕಿತ್ತುಕೊಂಡು, ಕರಕಲು ವಾಸನೆ ಹೊಡೆಯುತ್ತಾ ಬರುತ್ತವೆ. ಅವನ್ನು ಅವರಿಗಾಗಿಯೇ ತೆಗೆದಿಡುತ್ತೇನೆ.

ಇಂತಿ,
ಸದ್ಯಕ್ಕೆ ನಾನ್‌ಸ್ಟಿಕ್ ಪ್ಯಾನಿನ ಮೇಲೆ ದಿನ ದೂಡುತ್ತಿರುವ,
ನಿಮ್ಮ ಮೆಡಿಟರೇನಿಯನ್ ಹಂಚಿನ ಹೊಸದುರ್ಗದ ಒಡತಿ,
ಶಿವಗಂಗಮ್ಮ
ಡ್ಯಾಂಡಿನಾಂಗ್